ಉಡಿಯಲ್ಲಿ ಬಿದ್ದ ಮನೆ

೧೯೭೫ರಲ್ಲಿ ನಾನು ಮುದ್ದೇಬಿಹಾಳದ ಕೋರ್ಟಿನಲ್ಲಿ ಸಿಪಾಯಿಯಾಗಿದ್ದೆ. ಅದಕ್ಕೂ ಮೊದಲು ನನ್ನ ಗಂಡ ಅಲ್ಲೇ ಬೇಲಿಫ್ ಇದ್ದ, ಅಂದರೆ ಕೋರ್ಟಿನ ನೋಟೀಸು, ಜಪ್ತಿ ಹುಕುಮುಗಳನ್ನು ಊರೂರಿಗೆ ಒಯ್ದು ಜಾರಿ ಮಾಡುವವ. ಅವನು ತೀರಿಕೊಂಡ ಮೇಲೆ ನೌಕರಿ ನನಗೆ ಬಂತು. ನಾನು ಕಲಿತದ್ದು ಎರಡನೇ ಇಯತ್ತೆ. ನೀರು ತುಂಬುವುದು, ಕಸ ಹೊಡೆಯುವುದು, ಕಟ್ಲೆ ಬಂದಾಗ ಹೆಸರು ಹಿಡಿದು ಕೂಗುವುದು ನನ್ನ ಕೆಲಸ. ಇನ್ನೊಂದು ಕೆಲಸವೂ ಇತ್ತು. ಮನೆ ಖಾಲಿ ಮಾಡಿಸಲು ಹೋದಾಗ ಒಳಗೆ ಹೆಂಗಸರಿದ್ದರೆ, ಗಂಡಸರು ಹೊಸ್ತಿಲು ದಾಟುವ ಮೊದಲು ನಾನು ಒಳಗೆ ಹೋಗಿ ಅವರನ್ನು ಹೊರಗೆ ಕರೆತರಬೇಕು. ಯಾರಿಗೂ ಬೇಡವಾದ ಕೆಲಸ. ನನಗೂ ಬೇಡವಾಗಿತ್ತು, ಆದರೆ ಪಗಾರ ಬೇಕಿತ್ತು.

ಆ ವರ್ಷ ತಂಗಡಗಿಯ ನೀಲವ್ವನ ಕಟ್ಲೆ ಬಂತು. ನೀಲವ್ವನನ್ನು ಗೊಳಸಂಗಿಗೆ ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ. ಹಣೆಯ ಮೇಲೆ ಕುಂಕುಮವಿತ್ತು, ಇರಲು ಮನೆ ಇರಲಿಲ್ಲ. ಅವಳ ಅಪ್ಪ ಸತ್ತಾಗ ಅಣ್ಣ ಶಿವಪ್ಪ ಊರವರೆಲ್ಲ ಮೆಚ್ಚುವ ಕೆಲಸ ಮಾಡಿದ. ನಮ್ಮ ಕಡೆ ಅಣ್ಣತಮ್ಮಂದಿರು ಒಂದು ಸೀರೆ ಉಡಿಸಿ ಅಕ್ಕತಂಗಿಯರ ಹಕ್ಕು ಬಿಡಿಸಿಕೊಳ್ಳುವುದೇ ರೂಢಿ. ಶಿವಪ್ಪ ಹಾಗೆ ಮಾಡಲಿಲ್ಲ. "ಹೊಲ ನನಗಿರಲಿ, ಮನಿ ನಿನಗ" ಎಂದು ವಾಟ್ನಿ ಮಾಡಿದ. ವಾಟ್ನಿ ಎಂದರೆ ಪಾಲು ಹಂಚಿಕೆ. ನಾಲ್ಕು ಮಂದಿಯ ಎದುರು ಹೆಂಡತಿಯ ಕೈಯಿಂದ ತಂಗಿಯ ಉಡಿ ತುಂಬಿಸಿದ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ. ಅದರ ಮೇಲೆ ಮನೆಯ ಕೀಲಿಕೈ. ಉಡಿಯಲ್ಲಿ ಬಿದ್ದದ್ದನ್ನು ಯಾರೂ ತಿರುಗಿ ಕೊಡುವುದಿಲ್ಲ. ನೀಲವ್ವ ಹೊಲದ ಹಕ್ಕು ಬಿಟ್ಟು ಹೆಬ್ಬೆಟ್ಟು ಒತ್ತಿದಳು.

ಆ ಮನೆಯ ಮೇಲೆ ಹಳೆಯ ಡಿಕ್ರಿ ಇತ್ತು. ಡಿಕ್ರಿ ಅಂದರೆ ಕೋರ್ಟಿನ ಕಡೆಯ ತೀರ್ಪು. ಅಪ್ಪ ಮನೆಯನ್ನು ಊರಿನ ಒಬ್ಬ ಕಿರಾಣಿ ಅಂಗಡಿಯವರ ಹತ್ತಿರ ಅಡವಿಟ್ಟಿದ್ದ, ತೀರಿಸಲಾಗಲಿಲ್ಲ. ಮನೆ ಹರಾಜು ಹಾಕಿ ಸಾಲ ವಸೂಲು ಮಾಡಿಕೊಳ್ಳಿರಿ ಎಂದು ತೀರ್ಪಾಗಿತ್ತು. ಆಗ ನನ್ನ ಗಂಡನೇ ಆ ಮನೆಯ ಮುಂದೆ ಡಂಗುರ ಸಾರಿಸಿ ಬಂದಿದ್ದ. ಶಿವಪ್ಪ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ ಎಂದು ಅವತ್ತು ಊಟಕ್ಕೆ ಕೂತಾಗ ಹೇಳಿದ್ದ. ಹಿರಿಯರು ನಡುವೆ ಬಿದ್ದು, "ಮುದುಕ ಇದ್ದ ಮನ್ಯಾಗ ಕಣ್ಣು ಮುಚ್ಚಲಿ, ಬಿಡ್ರಿ" ಎಂದರು. ಅಂಗಡಿಯವರು ಮರ್ಯಾದಸ್ಥರು, ಬಿಟ್ಟರು. ಮುದುಕನ ಮಾನ ಹೋಗಬಾರದೆಂದು ಊರವರು ಆ ಮಾತನ್ನು ಮತ್ತೆ ಎತ್ತಲೇ ಇಲ್ಲ. ಗೊಳಸಂಗಿಯಲ್ಲಿದ್ದ ಮಗಳಿಗೂ ಹೇಳಲಿಲ್ಲ.

ಡಿಕ್ರಿ ಹನ್ನೆರಡು ವರ್ಷ ಜೀವ ಹಿಡಿದಿರುತ್ತದೆ. ಆ ಅವಧಿ ಮುಗಿಯುವ ಮುಂಚೆಯೇ, ಮುದುಕ ಸತ್ತ ಮೇಲೆ, ಅಂಗಡಿಯವರು ದರಖಾಸ್ತು ಹಾಕಿದರು, ಅಂದರೆ ತೀರ್ಪು ಜಾರಿ ಮಾಡಿಸಿರೆಂಬ ಅರ್ಜಿ. ಸತ್ತವನ ಸಾಲ ಅವನ ಆಸ್ತಿಯನ್ನು ಹಿಂಬಾಲಿಸುತ್ತದೆ. ಆಸ್ತಿ ಈಗ ನೀಲವ್ವನ ಉಡಿಯಲ್ಲಿತ್ತು.

ಅವಳ ವಕೀಲರು ಒಳ್ಳೆಯವರು, ಫೀ ಕೇಳಲಿಲ್ಲ. ಹರಾಜು ನಿಲ್ಲಿಸಲು ಬರುವುದಿಲ್ಲ, ಆದರೆ ಡಿಕ್ರಿ ಮುಚ್ಚಿಟ್ಟು ಮಾಡಿದ ವಾಟ್ನಿ ಮುರಿಯಬಹುದು, ಹೊಲದಲ್ಲಿ ಅರ್ಧ ಬರುತ್ತದೆ ಎಂದು ಬೇರೆ ದಾವೆ ಹಾಕಿದರು. ಅವಳು ಮಾಡಬೇಕಾದ ಕೆಲಸ ಒಂದೇ. ಕಟಕಟೆಯಲ್ಲಿ ನಿಂತು, ಅಣ್ಣನಿಗೆ ಸಾಲ ಗೊತ್ತಿತ್ತು, ನನಗೆ ಹೇಳಲಿಲ್ಲ ಅನ್ನಬೇಕು. ಅಷ್ಟು ಹೊತ್ತಿಗೆ ಅವಳಿಗೂ ಎಲ್ಲ ಗೊತ್ತಾಗಿತ್ತು. ಡಂಗುರದ ಮಾತು ನಾನೇ ಹೇಳಿದ್ದೆ.

ಸಾಕ್ಷಿಯ ದಿನ ವರಾಂಡದಲ್ಲಿ ಅವಳ ಪಕ್ಕ ಅತ್ತಿಗೆ ಕೂತಿದ್ದಳು. ರೊಟ್ಟಿ ಕಟ್ಟಿಕೊಂಡು ಬಂದಿದ್ದಳು. ಅವಳು ನೀರು ಕುಡಿಯಲು ಎದ್ದಾಗ ನಾನು ನೀಲವ್ವನ ಹತ್ತಿರ ಹೋದೆ.

"ಏನಂದ್ಲು ನಿಮ್ಮ ವೈನಿ?"

"ಏನೂ ಅನ್ನಲಿಲ್ರಿ ಅಕ್ಕಾ. ರೊಟ್ಟಿ ಉಣ್ಣು ಅಂದ್ಲು."

"ಉಣ್ಣು, ಬ್ಯಾಡ ಅನ್ನಂಗಿಲ್ಲ. ಒಳಗ ಹೋಗಿ ಖರೇ ಹೇಳು."

"ಮನಿ ಹೋದ್ರ ಮನಿ ಅಷ್ಟ ಹೋಗತೈತಿ ಅಕ್ಕಾ. ಅಣ್ಣ ಹೋದ್ರ ತವರ ಹೋಗತೈತಿ."

"ತವರ ಏನು ಮಳಿ ಬಂದ್ರ ತಲಿ ಮ್ಯಾಲೆ ಸೂರು ಆಗತೈತೇನ? ಹುಚ್ಚಿ!"

ಅವಳು ನಕ್ಕಳು. ನನಗೆ ಸಿಟ್ಟು ಬಂತು. ಸಿಟ್ಟು ಬಂದು ಮಾಡುವುದೇನು? ನಾನೇ ಅವಳ ಹೆಸರು ಮೂರು ಸಲ ಕೂಗಿದೆ.

ನ್ಯಾಯಾಧೀಶ ಸಾಹೇಬರು ತಾವೇ ಕೇಳಿದರು: "ನಿಮ್ಮ ಅಣ್ಣನಿಗೆ ಈ ಸಾಲ ಗೊತ್ತಿತ್ತೇನಮ್ಮ?"

ನೀಲವ್ವ ಶಿವಪ್ಪನ ಕಡೆ ನೋಡಿದಳು. ಅವನು ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಳ್ಳುತ್ತಿದ್ದ.

"ಇಲ್ರಿ. ಅಂವಗ ಗೊತ್ತಿದ್ದಿಲ್ರಿ."

ಸಾಹೇಬರು ಪೆನ್ನು ಕೆಳಗಿಟ್ಟರು. "ಯೋಚನೆ ಮಾಡಿ ಹೇಳ್ರಿ" ಎಂದರು. "ಮಾಡೇ ಹೇಳೀನ್ರಿ" ಅಂದಳು. ವಕೀಲರು ಕೂತುಬಿಟ್ಟರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಗಂಡ ಊಟಕ್ಕೆ ಕೂತಾಗ ಹೇಳಿದ್ದು ಸಾಕ್ಷಿ ಆಗುವುದಿಲ್ಲ, ಸಿಪಾಯಿ ಬಾಯಿ ತೆರೆಯುವಂತೆಯೂ ಇಲ್ಲ. ದಾವೆ ಬಿದ್ದುಹೋಯಿತು.

ಹರಾಜಿನಲ್ಲಿ ಮನೆ ಬೇರೆ ಊರಿನವರ ಪಾಲಾಯಿತು. ಸಾಲ, ಬಡ್ಡಿ, ಖರ್ಚು ಕಳೆದು ಅವಳ ಕೈಗೆ ಏನೂ ಉಳಿಯಲಿಲ್ಲ. ಕಬ್ಜಾ ಕೊಡಿಸುವ ದಿನ, ಅಂದರೆ ಮನೆಯನ್ನು ಕೊಂಡವರ ವಶಕ್ಕೆ ಕೊಡುವ ದಿನ, ಹೊಸ ಬೇಲಿಫ್ ಅಂಗಳದಲ್ಲಿ ನಿಂತ. ನಾನು ಒಳಗೆ ಹೋದೆ. ನೀಲವ್ವ ಒಲೆ ಸಾರಿಸುತ್ತಿದ್ದಳು. "ಇದನ್ಯಾಕ ಸಾರಸ್ತೀ, ನಾಳಿ ಮಂದಿ ಅಡಗಿ ಮಾಡೂ ಒಲಿ?" ಅಂದೆ. "ಹೊಲಸು ಬಿಟ್ಟು ಹೋದ್ಲು ಅನ್ನಬಾರದಲ್ರಿ" ಅಂದಳು. ಕೈ ತೊಳೆದು ಗಂಟು ಎತ್ತಿಕೊಂಡಳು. ನಾನು ಅವಳ ತೋಳು ಹಿಡಿಯಬೇಕಾಗಲಿಲ್ಲ.

ಹೊರಗೆ ಊರವರು ಸೇರಿದ್ದರು. ಶಿವಪ್ಪ ಹಿಂದೆ ನಿಂತಿದ್ದ. ಅತ್ತಿಗೆ ಮುಂದೆ ಬಂದು, ಎಲ್ಲರಿಗೂ ಕೇಳುವ ಹಾಗೆ, "ಪಂಚಮಿಗಿ ಬಾರವಾ ನೀಲವ್ವಾ, ತಪ್ಪಿಸಬ್ಯಾಡ" ಅಂದಳು. ಹೆಣ್ಣುಮಕ್ಕಳು ನಾಗರ ಪಂಚಮಿಗೆ ತವರಿಗೆ ಬರುವುದೆಂದರೆ ಹಬ್ಬ ಮುಗಿಸಿಕೊಂಡು ತಿರುಗಿ ಹೋಗುವುದು.

ನೀಲವ್ವ ಗಂಟನ್ನು ಆ ಕಂಕುಳಿಂದ ಈ ಕಂಕುಳಿಗೆ ಬದಲಿಸಿದಳು.

"ಎಲ್ಲಿಂದ ಬರ್ಲಿ, ವೈನಿ?"

ಅವಳು ಬಸ್ಸಿನ ದಾರಿ ಹಿಡಿದಳು. ಬಾಗೇವಾಡಿಯಲ್ಲಿ ಯಾರದೋ ಮನೆಯಲ್ಲಿ ಕೆಲಸಕ್ಕಿದ್ದಾಳೆ ಎಂದು ಒಬ್ಬರು, ಸಿಂದಗಿಯಲ್ಲಿ ನೋಡಿದೆ ಎಂದು ಇನ್ನೊಬ್ಬರು ಹೇಳಿದರು. ನನಗೆ ಗೊತ್ತಿಲ್ಲ.

ನೌಕರಿ ನನಗೆ ಕಲಿಸಿದ್ದು ಇಷ್ಟೇ. ಯಾರಾದರೂ ಪ್ರೀತಿಯಿಂದ ಆಸ್ತಿ ಕೊಡಲು ಬಂದರೆ, ಸೆರಗು ಒಡ್ಡುವ ಮೊದಲು ಅದರ ಮುಂದೆ ಯಾವಾಗಲಾದರೂ ಡಂಗುರ ಸಾರಿದ್ದರೇನು ಎಂದು ಊರವರನ್ನು ಕೇಳಿರಿ. ಕೇಳದಿದ್ದರೆ ಯಾರೂ ಹೇಳುವುದಿಲ್ಲ. ಮುಂದೆ ಅಗರಖೇಡದ ನನ್ನ ತಮ್ಮ, ಅಪ್ಪನ ಜಾಗದಲ್ಲಿ ನಿನಗೂ ಸ್ವಲ್ಪ ಕೊಡುತ್ತೇನೆ ಎಂದು ಬಂದಾಗ ನಾನು ಮೊದಲು ಕೇಳಿದ್ದು ಅದನ್ನೇ. ಸಾಲ ಇರಲಿಲ್ಲ. ಅವನು ಮಾತ್ರ, "ನನ್ನ ಮ್ಯಾಲೆ ಸಂಶೇ ಮಾಡಿದಿ" ಎಂದು ಎರಡು ಪಂಚಮಿ ನನ್ನನ್ನು ಕರೆಯಲಿಲ್ಲ. ನನ್ನ ಮನೆಯಲ್ಲೇ ಹಬ್ಬದ ಉಂಡಿ ಕಟ್ಟಿಕೊಂಡು ತಿಂದೆ.