ಎರಡು ತಂತಿ ಕಡಿಮೆಯ ಗಿಟಾರ್ ಹುಡುಕಿ ಜಗಳೂರಿನವರೆಗೆ

ಬುಧವಾರ ಬೆಳಿಗ್ಗೆ ಏಳೂಕಾಲಿಗೆ ಚನ್ನಗಿರಿ ನಿಲ್ದಾಣದಲ್ಲಿ ಹೊನ್ನಾಳಿಗೆ ಹೋಗುವ ಖಾಸಗಿ ಬಸ್ಸು ಹತ್ತಿದೆ. ಟಿಕೆಟ್ಟು ಅರವತ್ತೈದು ರೂಪಾಯಿ. ಹೆಗಲಿಗೆ ಗಿಟಾರಿನ ಉದ್ದನೆಯ ಚೀಲವಿತ್ತು. ಕಂಡಕ್ಟರು ಅದನ್ನು ಒತ್ತಿ ನೋಡಿ, "ಏನ್ರೀ, ಒಳಗೆ ಏನೂ ಇಲ್ಲ?" ಅಂದ. ಇಲ್ಲ ಅಂದೆ. "ಬರುವಾಗ ಇರ್ತೈತಾ?" ಅಂದ. "ಇರಬೇಕಪ್ಪ, ಅದಕ್ಕೇ ಹೊರಟೀನಿ" ಅಂದೆ.

ಚನ್ನಗಿರಿಯಲ್ಲಿ ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ ನನ್ನದು. ಅದಕ್ಕೆ ಮೊದಲು ಹನ್ನೊಂದು ವರ್ಷ ಊರೂರು ಸುತ್ತುವ ಆರ್ಕೆಸ್ಟ್ರಾ ಒಂದರಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದೆ. ಮಾಮೂಲಿ ಗಿಟಾರಿಗೆ ಆರು ತಂತಿ. ಬೇಸಿಗೆ ನಾಲ್ಕೇ, ಅವೂ ದಪ್ಪ. ಹಾಡಿನ ಅಡಿಯಲ್ಲಿ ಧುಂ ಧುಂ ಎಂದು ನಡೆಯುವ ಸ್ವರ ಅದರದು. ಮದುವೆ, ಗಣಪತಿ ಪೆಂಡಾಲು, ಕಾಲೇಜಿನ ವಾರ್ಷಿಕೋತ್ಸವ, ನಾವು ನುಡಿಸದ ಜಾಗವಿಲ್ಲ. ಆಮೇಲೆ ಒಬ್ಬನೇ ಗಾಯಕ ಒಂದು ಸಿ.ಡಿ. ಪ್ಲೇಯರು ಇಟ್ಟುಕೊಂಡು ಇಡೀ ವಾದ್ಯಗೋಷ್ಠಿಯನ್ನೇ ಬಟನ್ನಿನಲ್ಲಿ ಒತ್ತುವ ಕಾಲ ಬಂತು. ನಮ್ಮ ಆರ್ಕೆಸ್ಟ್ರಾ ಮುಚ್ಚಿತು. ನನ್ನ ಕೆಂಪು ಬೇಸನ್ನು ಇಪ್ಪತ್ತೆರಡು ವರ್ಷದ ಹಿಂದೆ ಮಾರಿಬಿಟ್ಟೆ.

ನಮ್ಮ ಗಾಯಕಿ ನಾಗರತ್ನಕ್ಕ ಬಸವಾಪಟ್ಟಣದ ಶಾಲೆಯಲ್ಲಿ ಮೇಡಂ ಆಗಿದ್ದರು. ಆ ಶನಿವಾರ ಅವರ ನಿವೃತ್ತಿಯ ಬೀಳ್ಕೊಡುಗೆ. ಹಿಂದಿನ ವಾರ ಫೋನು ಮಾಡಿ, "ಹಾರ ಶಾಲು ಎಲ್ಲ ಹಾಕೇ ಹಾಕ್ತಾರೆ ಕಣೋ. ನಂಗೆ ನಮ್ಮ ಹಳೇ ನಾಲ್ಕು ಜನ ಕೂಡಿ ಒಂದು ಹಾಡು ಹಾಡಾಕೆ ಬೇಕು. ಬೇಸ್ ಇಲ್ದಿದ್ರೆ ನಾ ಬಾಯೇ ತೆಗಿಯಲ್ಲ" ಅಂದರು. ಡ್ರಮ್ಮಿನವನ ಬಳಿ ಡ್ರಮ್ಮಿತ್ತು, ಕೀಬೋರ್ಡಿನವನ ಬಳಿ ಕೀಬೋರ್ಡಿತ್ತು. ಬರಿಗೈಯವನು ನಾನೊಬ್ಬನೇ. ಯಾವುದಾದರೂ ಬೇಸ್ ಬಾಡಿಗೆಗೆ ತರಬಹುದಿತ್ತು, ಆದರೆ ಮನಸ್ಸು ಅದೇ ಕೆಂಪು ಬೇಸನ್ನು ಹಟ ಹಿಡಿದು ಕೇಳುತ್ತಿತ್ತು. ಶನಿವಾರದೊಳಗೆ ಅದನ್ನು ಹುಡುಕಿ ಕೊಂಡು ತರಬೇಕೆಂದು ಹೊರಟೆ.

ಬಸವಾಪಟ್ಟಣ ದಾಟಿದ ಮೇಲೆ ಭತ್ತದ ಗದ್ದೆಗಳ ಮೇಲೆ ಮಂಜು ಇನ್ನೂ ಕೂತಿತ್ತು. ಸಾಸ್ವೆಹಳ್ಳಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಚಾ ಹನ್ನೆರಡು ರೂಪಾಯಿ, ಸಕ್ಕರೆ ಮಾತ್ರ ಧಾರಾಳ. ಇದೇ ದಾರಿಯಲ್ಲಿ ಟೆಂಪೊದ ಹಿಂದೆ, ಸ್ಪೀಕರ್ ಡಬ್ಬಿಗಳ ನಡುವೆ, ಬೇಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಎಷ್ಟು ಸಲ ಹೋಗಿದ್ದೆನೋ. ಬೆಳಗಿನ ಚಳಿಗೆ ನಾವೆಲ್ಲ ಸ್ಟೇಜಿನ ಪರದೆಯನ್ನೇ ಹೊದ್ದುಕೊಳ್ಳುತ್ತಿದ್ದೆವು. ಕಿಟಕಿಯ ಪಕ್ಕ ಕೂತು ಅದನ್ನೆಲ್ಲ ನೆನೆಯುತ್ತಿದ್ದರೆ ಸುಮ್ಮನೆ ಸಂಕಟವಾಯಿತು. ತುಂಗಭದ್ರೆಯ ಸೇತುವೆ ದಾಟಿ ಹೊನ್ನಾಳಿ ಸೇರುವಾಗ ಒಂಬತ್ತು ದಾಟಿತ್ತು.

ಹೊನ್ನಾಳಿಯಲ್ಲಿ ನನ್ನ ಬೇಸನ್ನು ಕೊಂಡವರು ಪರಮೇಶಣ್ಣ. ಅಡಿಕೆ ವ್ಯಾಪಾರದವರು, ಹಾಡಿನ ಹುಚ್ಚಿನವರು. ಅವರ ಎದುರು ನಿಲ್ಲಲು ನನಗೆ ಅಂಜಿಕೆಯಿತ್ತು. ಕಾರಣವನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ಕಾಲಕ್ಕೆ ನಮ್ಮ ಸೀಮೆಯಲ್ಲಿ ಬೇಸ್ ಎಂದರೆ ಕೊಳ್ಳುವವರಿರಲಿಲ್ಲ. ಪರಮೇಶಣ್ಣ ಹುಡುಕುತ್ತಿದ್ದುದು ಮಾಮೂಲಿ ಗಿಟಾರು. "ಇದ್ಯಾಕೆ ನಾಕೇ ತಂತಿ ಅದಾವೆ?" ಎಂದು ಕೇಳಿದಾಗ ನಾನು ನಾಲಿಗೆ ಹೊರಳಿಸಿ, "ಎರಡು ಕಿತ್ತೋಗ್ಯಾವೆ, ಹಾಕಿಸ್ಕೊಳ್ರಿ" ಅಂದಿದ್ದೆ. ಮಾರಿದ ಮೇಲೆ ಹೊನ್ನಾಳಿಯ ಕಡೆ ತಲೆ ಹಾಕಿರಲಿಲ್ಲ.

ಪರಮೇಶಣ್ಣ ಅಡಿಕೆ ಚೀಲಗಳ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಗುರುತು ಹಿಡಿದರು. ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ತರಿಸಿದರು. ತಟ್ಟೆ ಮುಟ್ಟುವ ಮೊದಲೇ ನಾನು ಮಾತು ತೆಗೆದು, ಅವತ್ತು ಸುಳ್ಳು ಹೇಳಿದ್ದೆ ಅಂದೆ.

"ಗೊತ್ತೈತಿ ಬಿಡ್ರಿ" ಎಂದರು. "ಬಡಗಿ ಹತ್ರ ಹೋಗಿ ಗಿಟಾರಿನ ತಲೆಗೆ ಎರಡು ತೂತು ಹೊಡಿಸ್ದೆ. ತಂತಿ ಬಿಗಿಯೋ ಎರಡು ಕಿವಿ ಕೂರಿಸಿ ಸಣ್ಣ ತಂತಿ ಎಳೆಸ್ದೆ. ಪುಸ್ತಕ ಮುಂದಿಟ್ಕೊಂಡು ಎರಡು ತಿಂಗಳು ನುಡಿಸಿದ್ದೇ ನುಡಿಸಿದ್ದು, ಒಂದು ಹಾಡೂ ಹಾಡಿನಂಗೆ ಬರ್ಲಿಲ್ಲ."

ನನಗೆ ನಗು ಬಂತು. ಅವರೂ ನಗುತ್ತಾರೆಂದು ಮುಖ ನೋಡಿದೆ. ನಗಲಿಲ್ಲ.

"ಸುಳ್ಳು ಹೇಳಿದ್ದಕ್ಕೆ ನಂಗೆ ಸಿಟ್ಟಿಲ್ಲ ಚಂದ್ರಣ್ಣ. ನನ್ನ ಕಿವಿನೇ ಸರಿ ಇಲ್ಲ, ನಮ್ಮಂಥೋರಿಗೆ ಇದೆಲ್ಲ ಹತ್ತಲ್ಲ ಅಂತ ತಿಳ್ಕಂಡುಬಿಟ್ಟೆ. ಆಮೇಲೆ ಯಾವ ವಾದ್ಯಾನೂ ಮುಟ್ಲಿಲ್ಲ. ಅದು ಬೇಸು ಅಂತ ಗೊತ್ತಾಗೋ ಹೊತ್ತಿಗೆ ಆಸೆನೇ ಹೋಗಿತ್ತು."

ನಾನು ಕೈ ಮುಗಿದೆ. ಅವರು ಕೈ ಬಿಡಿಸಿ, ತಟ್ಟೆ ನನ್ನ ಕಡೆ ತಳ್ಳಿ, "ತಿನ್ರಿ, ಆರೋಗ್ತೈತೆ" ಅಂದರು. ಗಿಟಾರನ್ನು ನ್ಯಾಮತಿಯ ಮೈಕ್ ಸೆಟ್ಟಿನ ರಫೀಕನಿಗೆ ಕೊಟ್ಟು, ಬದಲಿಗೆ ಒಂದು ಟೇಪ್‌ರೆಕಾರ್ಡರ್ ತಂದಿದ್ದರಂತೆ. ನಾನು ಏಳುವಾಗ, "ಸಿಕ್ಕರೆ ಒಂದು ಫೋಟೊ ಕಳಿಸ್ರಿ. ಅದರ ಮ್ಯಾಲೆ ನಂಗೂ ಪ್ರೀತಿ ಇತ್ತು" ಎಂದರು. ಬೈದಿದ್ದರೆ ಹಗುರಾಗುತ್ತಿದ್ದೆ.

ಹೊನ್ನಾಳಿಯಿಂದ ನ್ಯಾಮತಿಗೆ ಅರ್ಧ ಗಂಟೆಯ ದಾರಿ, ಇಪ್ಪತ್ತೈದು ರೂಪಾಯಿ. ಗೋವಿನಕೋವಿಗೆ ಹೊರಟಿದ್ದ ಅಜ್ಜಿಯೊಬ್ಬರು ನನ್ನ ಚೀಲ ನೋಡಿ, ಕೋವಿಯೇನಪ್ಪಾ ಎಂದು ಕೇಳಿದರು. ಅಲ್ಲಮ್ಮ, ಹಾಡಿನ ಸಾಮಾನು ಅಂದೆ. ಅವರಿಗೆ ಪೂರಾ ನಂಬಿಕೆ ಬಂದಂತೆ ಕಾಣಲಿಲ್ಲ.

ರಫೀಕನ ಅಂಗಡಿಯ ಮುಂಭಾಗದಲ್ಲಿ ಮೈಕು, ಕುರ್ಚಿ, ಶಾಮಿಯಾನದ ಗಂಟು. ಒಳಗೆ ಹೋದರೆ ಬೇರೆಯದೇ ಲೋಕ. ಗೋಡೆಯುದ್ದಕ್ಕೂ ಹಳೆಯ ಗಿಟಾರು, ಆಂಪ್ಲಿಫೈಯರು, ಚರ್ಮ ಹರಿದ ಕಾಂಗೊ ಡ್ರಮ್ಮು. ಸುತ್ತಲ ಹತ್ತಾರು ಊರಿನ ಹವ್ಯಾಸಿಗಳು ತಮ್ಮ ವಾದ್ಯಗಳನ್ನು ಮಾರಲೆಂದು ಇಲ್ಲಿ ತಂದು ಬಿಡುತ್ತಾರೆ. ಅವರೆಲ್ಲ ಇರುವ ಒಂದು ವಾಟ್ಸಾಪ್ ಗುಂಪೂ ಇದೆ. ಟ್ರ್ಯಾಕ್ಟರ್ ಓಡಿಸುವವರು, ಪಂಚಾಯ್ತಿಯ ಗುಮಾಸ್ತರು, ಬೇಕರಿಯವರು ಎಲ್ಲ ಅದರಲ್ಲಿದ್ದಾರೆ. ಅಲ್ಲೊಂದು ಕಟ್ಟುನಿಟ್ಟಿನ ರೂಢಿ. ಕೊಳ್ಳಲು ಬಂದವನು ಆ ವಾದ್ಯದಲ್ಲಿ ಒಂದು ಹಾಡನ್ನು ಮೊದಲಿಂದ ಕೊನೆಯವರೆಗೆ ನುಡಿಸಬೇಕು. ಅಲ್ಲಿಯವರೆಗೆ ಯಾರೂ ರೇಟಿನ ಮಾತೆತ್ತುವಂತಿಲ್ಲ. ಯಾಕಪ್ಪಾ ಎಂದು ಕೇಳಿದೆ.

"ಪೂರ್ತಿ ನುಡಿಸ್ದೋನಿಗೆ ಮೋಸ ಮಾಡಾಕಾಗಲ್ಲ, ಮೋಸ ಹೋಗಾಕೂ ಆಗಲ್ಲ ಸಾರ್" ಎಂದ ರಫೀಕ. ನನ್ನ ಕತೆ ಅವನಿಗೆ ಮೊದಲೇ ಗೊತ್ತಿತ್ತೆಂದು ಕಾಣುತ್ತದೆ, ಹಾಗೆ ಹೇಳಿ ಬೇರೆ ಕಡೆ ನೋಡಿದ.

ಕೆಂಪು ಬೇಸ್ ಅವನಲ್ಲಿರಲಿಲ್ಲ. ಆ ಎರಡು ಕಿವಿ ಕಿತ್ತು, ತೂತುಗಳಿಗೆ ಎಂ-ಸೀಲ್ ತುಂಬಿ, ನಾಲ್ಕು ತಂತಿ ಕಟ್ಟಿ ಹದ ಮಾಡಿ ಒಂಬತ್ತು ವರ್ಷದ ಹಿಂದೆ ಜಗಳೂರಿನ ಸುಜಾತಾ ಮೇಡಂಗೆ ಕೊಟ್ಟಿದ್ದ. ಅವರು ಹಾಸ್ಟೆಲ್ ವಾರ್ಡನ್ನು. ರಫೀಕ ಗೋಡೆಯಿಂದ ಇನ್ನೊಂದು ಬೇಸ್ ಇಳಿಸಿ ನನ್ನ ಕೈಗಿಟ್ಟ. ಕಪ್ಪು ಬಣ್ಣ, ಹೆಚ್ಚು ಬಳಸಿದ್ದಲ್ಲ. "ಶನಿವಾರಕ್ಕೆ ಅಂದ್ರೆ ಇದನ್ನೇ ಒಯ್ರಿ ಸಾರ್. ಅದಕ್ಕಿಂತ ಚಲೋ ಐತೆ" ಅಂದ. ಸುಳ್ಳಲ್ಲ, ಚೆನ್ನಾಗಿತ್ತು. ಬೇಡವೆಂದೆ. ಅವನು ಜಗಳೂರಿಗೆ ಫೋನು ಹಚ್ಚಿದ. ಆ ಕಡೆಯವರು, ನೋಡುವುದಾದರೆ ಬರಲಿ, ಮಾರುವ ಮಾತು ಆಮೇಲೆ ಅಂದರಂತೆ. ಅಷ್ಟಕ್ಕೇ ಚೀಲ ಹೆಗಲಿಗೇರಿಸಿ ಹೊರಟೆ.

ನ್ಯಾಮತಿಯಿಂದ ದಾವಣಗೆರೆಗೆ ಎಂಬತ್ತು ರೂಪಾಯಿ. ರಾತ್ರಿ ಅಲ್ಲಿ ತಂಗಿಯ ಮನೆಯಲ್ಲಿ ತಂಗಿದೆ. ಮಲಗುವ ಮುಂಚೆ ನಾಗರತ್ನಕ್ಕನಿಗೆ ಇಷ್ಟವಾದ ಹಾಡನ್ನು ಚಾಪೆಯ ಅಂಚಿನ ಮೇಲೆ ಬೆರಳಾಡಿಸಿ ನೆನಪು ಮಾಡಿಕೊಂಡೆ. ಸ್ವರಗಳೆಲ್ಲ ಸಾಲಾಗಿ ಬಂದವು. ತಂಗಿ ನೋಡಿ, "ಅಣ್ಣಾ, ಸೊಳ್ಳೆ ಬತ್ತಿ ಹಚ್ಲಾ?" ಅಂದಳು.

ಗುರುವಾರ ಎಂಟು ಗಂಟೆಯ ಬಸ್ಸು. ಜಗಳೂರಿಗೆ ಸುಮಾರು ಐವತ್ತು ಕಿಲೋಮೀಟರು. ಹೊಳೆಯ ಸೀಮೆ ಹಿಂದುಳಿದಂತೆ ಬಿಸಿಲು ಚುರುಕಾಯಿತು. ರಸ್ತೆಯ ಒಂದು ಬದಿಯುದ್ದಕ್ಕೂ ಮೆಕ್ಕೆಜೋಳ ಹರವಿ ಒಣಗಿಸಿದ್ದರು. ಚಾಲಕ ಒಂದು ಕಾಳನ್ನೂ ತುಳಿಯದೆ ಇನ್ನೊಂದು ಬದಿಯಲ್ಲೇ ಬಸ್ಸು ನಡೆಸಿದ. ನಾವು ಜಗಳೂರಿಗೆ ಬಂದಿದ್ದು ಎರಡೇ ಸಲ. ಎರಡೂ ಸಲ ಜನ ಒನ್ಸ್ ಮೋರ್ ಎಂದು ಏಳಗೊಡಲಿಲ್ಲ. ಆ ಮೈದಾನ ಯಾವುದೆಂದು ಕಿಟಕಿಯಿಂದ ಹುಡುಕಿದೆ, ಗುರುತು ಸಿಗಲಿಲ್ಲ.

ಸುಜಾತಾ ಮೇಡಂ ಅವರದು ಹೆಂಚಿನ ಸಣ್ಣ ಮನೆ. ಪಡಸಾಲೆಯಲ್ಲಿ ಬುದ್ಧನ ಪಟ, ಅದರ ಮುಂದೆ ಒಂದು ಲೋಟದಲ್ಲಿ ಸೇವಂತಿಗೆ. ನಲವತ್ತರ ಆಸುಪಾಸಿನ ಹೆಂಗಸು, ಮಾತು ನೇರ. ಮಾವ ತಿಪ್ಪೇಸ್ವಾಮಿಯವರು ಹಾಡುತ್ತಾರೆ, ಗಂಡ ತಮಟೆ, ಇವರು ಬೇಸು. ಮೂವರೂ ಕೂಡಿ ಬುದ್ಧಪೂರ್ಣಿಮೆಗೆ, ಓಣಿಯ ಕಾರ್ಯಕ್ರಮಗಳಿಗೆ ಹಾಡುತ್ತಾರೆ.

ಒಳಗಿನಿಂದ ಬೇಸನ್ನು ಹಳೆಯ ಸೀರೆಯಲ್ಲಿ ಹೊಲಿದ ಗವುಸಿನ ಸಮೇತ ತಂದು ನನ್ನ ತೊಡೆಯ ಮೇಲಿಟ್ಟರು. ಗವುಸು ತೆಗೆದೆ. ಕೆಂಪು ಅಲ್ಲಲ್ಲಿ ಎದ್ದು ಒಳಗಿನ ಮರ ಕಾಣುತ್ತಿತ್ತು. ತಲೆಯ ಮೇಲೆ ಎಂ-ಸೀಲಿನ ಎರಡು ಬೂದು ಚುಕ್ಕೆ. ಅವುಗಳ ಮೇಲೆ ಬೆರಳಾಡಿಸಿದಾಗ ಕಣ್ಣು ತುಂಬಿತು. ಆ ತೂತುಗಳ ಕತೆಯನ್ನು, ನನ್ನ ಸುಳ್ಳಿನ ಸಮೇತ, ಹೇಳಿಬಿಟ್ಟೆ. ಅವರು ಪೂರ್ತಿ ಕೇಳಿ, ಬೇಸಿನ ವೈರನ್ನು ಚಾಪೆಯ ಪಕ್ಕದ ಸ್ಪೀಕರಿಗೆ ಸಿಕ್ಕಿಸಿ, "ನುಡಿಸ್ರಿ. ರಫೀಕಣ್ಣನ ರೂಢಿ ಗೊತ್ತಲ್ಲ, ಪೂರ್ತಿ ಹಾಡು" ಎಂದರು.

ಶುರು ಮಾಡಿದೆ. ಮೊದಲ ಸ್ವರವೇ ಎಲ್ಲೋ ಪಾತಾಳದಲ್ಲಿ ಬಿತ್ತು. ಕೈ ತೆಗೆದೆ. "ಶ್ರುತಿ ಎರಡು ಮನೆ ಇಳಿಸೀನಿ, ನಮ್ಮ ಮಾವನ ಗಂಟಲಿಗೆ" ಎಂದು ನಕ್ಕರು ಮೇಡಂ. ಮತ್ತೆ ಶುರು ಮಾಡಿದೆ. ಪಲ್ಲವಿ ದಾಟಿತು. ಚರಣದಲ್ಲಿ ಕಿರುಬೆರಳು ಏಳಲಿಲ್ಲ. ಮೂರನೆಯ ಸಲ ನಡುವೆಯೇ ನಿಂತೆ. ರಾತ್ರಿ ಚಾಪೆಯ ಮೇಲೆ ಬಂದದ್ದು ಗಟ್ಟಿ ತಂತಿಯ ಮೇಲೆ ಬರುತ್ತಿರಲಿಲ್ಲ. ಫೋಟೊಗಳಿಗೆ ಮೊಳೆ ಹೊಡೆದು ಹೊಡೆದು ಬೆರಳು ಸೆಟೆದುಕೊಂಡಿದ್ದವು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಶನಿವಾರಕ್ಕೆ ಎರಡೇ ದಿನವಿತ್ತು.

"ಅರ್ಧಕ್ಕೇ ನಿಂತ್ರಿ, ಹಂಗಾದ್ರೆ ರೇಟಿನ ಮಾತಿಲ್ಲ" ಎಂದರು ಮೇಡಂ. ನನ್ನ ಮುಖ ನೋಡಿ ಮೆತ್ತಗಾದರು. "ಮಾರಾಕೆ ನಂಗೆ ಮನಸಿಲ್ಲ ಸಾರ್, ಸುಳ್ಳು ಯಾಕೆ ಹೇಳ್ಲಿ? ಆದ್ರೆ ಅಷ್ಟು ದೂರದಿಂದ ಬಂದೀರಿ. ನಾಕು ದಿನಕ್ಕೆ ಒಯ್ರಿ, ಅಭ್ಯಾಸ ಮಾಡ್ರಿ, ಆಮೇಲೆ ತಂದು ಕೊಡ್ರಿ."

ನಾನು ಹೂಂ ಅನ್ನುವುದರಲ್ಲಿದ್ದೆ. ಅಷ್ಟರಲ್ಲಿ ತಿಪ್ಪೇಸ್ವಾಮಿಯವರು, "ಒಯ್ಯೋಕೆ ಮುಂಚೆ ನಮ್ದೊಂದು ಕೇಳ್ರಿ. ಇಬ್ರೂ ಇಲ್ಲೇ ಅದೀವಿ" ಎಂದರು. ಮೇಡಂ ಬೇಸ್ ತೆಗೆದುಕೊಂಡರು. ಮಾವ ಗೋಡೆಗೆ ಒರಗಿ ಬುದ್ಧನ ಮೇಲಿನ ಹಾಡೊಂದನ್ನು ಎತ್ತಿದರು. ತಗ್ಗಿನ, ಕೆರೆದಂಥ ದನಿ. ಅದರ ಅಡಿಗೆ ಬೇಸ್ ಬಂತು.

ಹನ್ನೊಂದು ವರ್ಷ ಆ ವಾದ್ಯ ನನ್ನ ಹೊಟ್ಟೆಗೆ ಒತ್ತಿಕೊಂಡೇ ಇತ್ತು. ಪಕ್ಕದಲ್ಲಿ ಡ್ರಮ್ಮು ಕಿವಿ ಕೊರೆಯುತ್ತಿತ್ತು. ಎದುರಿಗೆ ಕೂತವರಿಗೆ ಅದು ಹೇಗೆ ಕೇಳುತ್ತದೆಂದು ಅವತ್ತೇ ನನಗೆ ಗೊತ್ತಾದದ್ದು. ಕೂತ ಚಾಪೆಯ ಮೂಲಕ ಸ್ವರ ಮೈಗೆ ಏರಿತು. ಮುದುಕರ ದನಿ ಎಲ್ಲಿ ನಡುಗುತ್ತದೋ ಅಲ್ಲಿ ಮೇಡಂ ಒಂದು ಸ್ವರ ಮುಂಚೆಯೇ ಹೋಗಿ ಕಾಯುತ್ತಿದ್ದರು. ನನಗೆ ಅಷ್ಟು ಚೆನ್ನಾಗಿ ನುಡಿಸಲು ಯಾವತ್ತೂ ಬಂದಿರಲಿಲ್ಲ. ಹೊಟ್ಟೆಕಿಚ್ಚೂ ಆಯಿತು, ಅಳುವೂ ಬಂತು. ಇದನ್ನು ಚೀಲಕ್ಕೆ ತುಂಬಿಕೊಂಡು ಹೋಗಿ ನನ್ನ ಸೆಟೆದ ಬೆರಳಲ್ಲಿ ನಾಗರತ್ನಕ್ಕನ ಹಾಡು ಕೆಡಿಸುವುದೇ ಅನ್ನಿಸಿತು.

ಹಾಡು ಮುಗಿದ ಮೇಲೆ ಕೇಳಿಯೇಬಿಟ್ಟೆ. "ಮೇಡಂ, ಶನಿವಾರ ನೀವೇ ಬಂದು ನುಡಿಸ್ತೀರಾ? ಹಾಡು ಕಳಿಸ್ತೀನಿ. ನಮ್ಮ ನಾಗರತ್ನಕ್ಕ ಇನ್ನೊಂದ್ಸಲ ನಿಂತು ಹಾಡೋದು ಯಾವಾಗ್ಲೋ ಏನೋ."

ಅವರು ಮಾವನ ಮುಖ ನೋಡಿದರು. "ನಾಗರತ್ನಮ್ಮ ಅಂದ್ರೆ ಇಲ್ಲಿ ಒನ್ಸ್ ಮೋರ್ ಅನ್ನಿಸ್ಕೊಂಡು ಹಾಡಿದೋರು ಅಲ್ಲೇನು? ನಾನೂ ಬರ್ತೀನಿ" ಎಂದರು ತಿಪ್ಪೇಸ್ವಾಮಿ. ಮೇಡಂ ಡೈರಿ ತೆಗೆದು, ಬೆಳಗಿನ ಬಸ್ಸು ಎಷ್ಟಕ್ಕೆ, ಹಾಡಿನ ಶ್ರುತಿ ಯಾವುದು ಎಂದು ಬರೆದುಕೊಂಡರು. ಆಮೇಲೆ ಊಟ. ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಕಡೆಗೆ ಅನ್ನ ಮಜ್ಜಿಗೆ. ಪರಮೇಶಣ್ಣನಿಗೆ ಬೇಸಿನ ಫೋಟೊ ಕಳಿಸಿದೆ. ನನ್ನ ಚೀಲವನ್ನು ಮೇಡಂಗೆ ಕೊಟ್ಟೆ. ಸೀರೆಯ ಗವುಸಿಗಿಂತ ಬಸ್ಸಿಗೆ ಅದು ಭದ್ರ.

ಮಧ್ಯಾಹ್ನ ಎರಡೂವರೆಯ ಬಸ್ಸಿಗೆ ಮೇಡಂ ನಿಲ್ದಾಣದವರೆಗೆ ಬಂದು ಬೀಳ್ಕೊಟ್ಟರು. ಊರು ದಾಟುತ್ತಲೇ ನಾಗರತ್ನಕ್ಕನಿಗೆ ಫೋನು ಮಾಡಿದೆ.

"ಸಿಕ್ತೇನೋ?" ಎಂದರು.

"ಸಿಕ್ತಕ್ಕ. ಶನಿವಾರ ಬಸ್ಸಿಗೆ ಬರ್ತೈತೆ. ನುಡಿಸೋರೂ ಅದರ ಜತೆಗೇ ಬರ್ತಾರೆ. ನನ್ನ ಕೈ ಹೋಗೈತಕ್ಕ. ಅವರು ಭಾಳ ಚಲೋ ನುಡಿಸ್ತಾರೆ."

ಸಿಟ್ಟಾಗುತ್ತಾರೆಂದುಕೊಂಡೆ.

"ಮತ್ತೆ ನೀನು?"

"ನಾನು ಮುಂದ್ಗಡೆ ಕುಂತು ಕೇಳ್ತೀನಿ."

ಅವರ ದನಿ ಸಣ್ಣದಾಗಿ ಬಂತು. "ಆಗ್ಲಿ ಬಿಡೋ. ಹನ್ನೊಂದು ವರ್ಷ ನನ್ನ ಬೆನ್ನು ನೋಡ್ಕೊಂಡೇ ನುಡಿಸ್ದೋನು ನೀನು. ನಾನು ಹಾಡುವಾಗ ಮುಖ ಹೆಂಗಿರ್ತೈತೆ ಅಂತ ಒಂದ್ಸಲನಾದ್ರೂ ನೋಡು."