ಅವ್ವ ಆಡದ ಹೆಸರು

ನಮ್ಮೂರಲ್ಲಿ ಪ್ರತಿ ಮನೆಯ ಮೊದಲ ಹೆಣ್ಣುಮಗುವಿಗೆ ಊರಮ್ಮನ ಹೆಸರಿಡುವುದು ವಾಡಿಕೆ. ಹಾಗಾಗಿ ನನ್ನ ಏಳನೇ ಕ್ಲಾಸಿನಲ್ಲಿ ಒಂದೇ ಹೆಸರಿನ ಮೂವರಿದ್ದೆವು. ಗುರುತಿಗಿರಲೆಂದು ಊರವರು ನಮ್ಮನ್ನು ಓಡೋಳು, ಹಾಡೋಳು, ಬರೆಯೋಳು ಎನ್ನುತ್ತಿದ್ದರು. ಓಡುವವಳು ನಾನು. ಹಾಡುವವಳು ಸೋಬಾನೆ ಎತ್ತಿದರೆ ಮದುವೆಮನೆಯ ಹೆಂಗಸರೂ ಸುಮ್ಮನಾಗುತ್ತಿದ್ದರು. ಬರೆಯುವವಳಿಗೆ ಒಂದು ಚೂರು ಸೀಮೆಸುಣ್ಣ ಸಿಕ್ಕರೆ ಸಾಕು, ಪಟೇಲರ ಹೊಟ್ಟೆ, ಪೋಸ್ಟ್‌ಮ್ಯಾನ್ ಸೈಕಲ್ಲಿನಿಂದ ಬಿದ್ದದ್ದು, ಎಲ್ಲ ಸಾಲು ಚಿತ್ರಗಳಾಗಿ ಗೋಡೆಯ ಮೇಲೆ. ಕೆಳಗೆ ಅವರಾಡಿದ ಮಾತು ಬೇರೆ! ನಮ್ಮಂಥವರು ಸುತ್ತ ಹತ್ತೂರಲ್ಲಿ ಇರಲಿಲ್ಲ. ಜಂಬ ಅಂದರೆ ಅನ್ನಲಿ.

ಎಪ್ಪತ್ತರ ದಶಕದ ಶುರುವಿನಲ್ಲಿ ಹುಣಸೂರಿನಲ್ಲಿ ತಾಲ್ಲೂಕಿನ ಶಾಲೆಗಳಿಗೆಲ್ಲ ಸ್ಪರ್ಧೆ ಇಟ್ಟರು. ಮೇಷ್ಟ್ರು ನಮ್ಮ ಮೂವರನ್ನೂ ಕರೆದುಕೊಂಡು ಹೊರಟರು. ಹೆಣ್ಣುಮಕ್ಕಳ ಜೊತೆ ಒಬ್ಬ ಹೆಂಗಸಿರಲಿ ಎಂದು ಅವ್ವ ಹೊಗೆಸೊಪ್ಪಿನ ಕೂಲಿ ಬಿಟ್ಟು ಬಂದಳು. ಓಟದಲ್ಲಿ ನಾನು ಮೊದಲು, ಅದೂ ಬರಿಗಾಲಲ್ಲಿ. ಹಾಡಿನಲ್ಲಿ ಅವಳು ಮೊದಲು. ಚಿತ್ರದಲ್ಲಿ ಇವಳೂ ಮೊದಲೇ!

ಬಹುಮಾನ ಕೊಡುವ ಸಾಹೇಬರು ಪಟ್ಟಿ ನೋಡಿ ಹುಬ್ಬು ಗಂಟಿಕ್ಕಿದರು. ಒಂದೇ ಶಾಲೆ, ಒಂದೇ ಹೆಸರು, ಮೂರು ಬಹುಮಾನ. ಒಬ್ಬರು ಒಂದೇ ಸ್ಪರ್ಧೆಗೆ ಸೇರಬೇಕೆಂಬ ನಿಯಮವಿತ್ತು.

"ಏನ್ ಮೇಷ್ಟ್ರೇ, ಒಬ್ಬಳನ್ನೇ ಮೂರು ಕಡೆ ನಿಲ್ಲಿಸಿ, ಈಗ ಯಾರ್ಯಾರನ್ನೋ ತಂದು ತೋರಿಸ್ತಿದ್ದೀರಾ?"

"ಇಲ್ಲ ಸಾರ್, ಮೂವರಿಗೂ ಅದೇ ಹೆಸರು," ಎಂದರು ಮೇಷ್ಟ್ರು.

"ಕಿವಿಗೆ ಹೂ ಇಡಬೇಡಿ." ಸಾಹೇಬರು ಅವ್ವನ ಕಡೆ ತಿರುಗಿದರು. "ನೀನು ಹೇಳಮ್ಮ, ನಿನ್ನ ಮಗಳ ಹೆಸರೇನು? ಈ ಇಬ್ಬರ ಹೆಸರೇನು? ಹೇಳಿದ್ರೆ ಕೊಡ್ತೀನಿ. ಇಲ್ಲಾಂದ್ರೆ ಮೂರೂ ರದ್ದು."

ಅವ್ವ ಸೆರಗನ್ನು ಬಾಯಿಗೊತ್ತಿ ನೆಲ ನೋಡಿದಳು. ನಮ್ಮ ಹೆಸರು ಅವಳ ಅತ್ತೆಯ, ಅಂದರೆ ನಮ್ಮಜ್ಜಿಯ ಹೆಸರೂ ಹೌದು. ಸೊಸೆಯಾದವಳು ಅತ್ತೆಯ ಹೆಸರು ಆಡುವಂತಿರಲಿಲ್ಲ. ಹುಟ್ಟಿದಾಗಿನಿಂದ ಅವ್ವ ನನ್ನನ್ನು ಕರೆದದ್ದು 'ಕೂಸು' ಎಂದಷ್ಟೇ.

"ನೋಡ್ರಪ್ಪ, ಹೆತ್ತವಳಿಗೇ ಮಗಳ ಹೆಸರು ಗೊತ್ತಿಲ್ಲ!"

ಸುತ್ತ ನಿಂತವರೆಲ್ಲ ನಕ್ಕರು. ನನಗೆ ಸಾಹೇಬರಿಗಿಂತ ಅವ್ವನ ಮೇಲೇ ಸಿಟ್ಟು ಬಂತು. ಹಾಳಾದ ಶಾಸ್ತ್ರ! "ಯೋಳವ್ವೋ, ನಿನ್ ದಮ್ಮಯ್ಯ," ಎಂದು ಕಿರುಚಿದೆ. ಹಾಡುವವಳು ಆಗಲೇ ಅಳುತ್ತಿದ್ದಳು.

ಹೆಸರು ಹೊಡೆದುಹಾಕಲು ಸಾಹೇಬರು ಪೆನ್ನು ತೆಗೆದರು. ಅವ್ವ ಬಾಯಿಂದ ಸೆರಗು ತೆಗೆದಳು. ಒಬ್ಬೊಬ್ಬಳ ತಲೆ ಮುಟ್ಟಿ, ಮೂರು ಸಲ, ಮೈದಾನಕ್ಕೆಲ್ಲ ಕೇಳುವಂತೆ ಆ ಹೆಸರು ಹೇಳಿದಳು.

"ಅದು ನಮ್ಮತ್ತೆ ಹೆಸ್ರು ಸ್ವಾಮಿ. ಅದ್ಕೇ ಬಾಯಿ ಬರ್ನಿಲ್ಲ."

ಸಾಹೇಬರು ಪೆನ್ನು ಜೇಬಿಗಿಟ್ಟರು. ಮೂವರಿಗೂ ಸ್ಟೀಲ್ ಲೋಟ, ಸರ್ಟಿಫಿಕೇಟು ಸಿಕ್ಕಿತು. ಅವ್ವ ಮಾತ್ರ ಬಸ್ಸು ಊರು ಸೇರುವವರೆಗೂ "ನಿಮ್ಮಜ್ಜಿಗೆ ಏನಂತ ಯೋಳ್ಲಿ?" ಎನ್ನುತ್ತಲೇ ಇದ್ದಳು. ನಮ್ಮಜ್ಜಿ ಎಂದರೆ ಇಡೀ ಬೀದಿಗೇ ಹೆದರಿಕೆ.

ಅಜ್ಜಿ ಜಗಲಿಯ ಮೇಲೆ ಕೂತಿದ್ದಳು. ಅವ್ವ ಕಾಲು ಕೂಡ ತೊಳೆಯದೆ ಅವಳ ಮುಂದೆ ನಿಂತಳು. "ತಪ್ಪಾಯ್ತು ಕಣತ್ತೆ. ಎಲ್ಲಾರ ಎದ್ರುಗೂ ನಿಮ್ಮೆಸ್ರ ಎತ್ಬುಟ್ಟೆ."

ಅಜ್ಜಿ ನನ್ನ ಕೈಯಿಂದ ಸರ್ಟಿಫಿಕೇಟು ಈಸಿಕೊಂಡಳು. "ಇದ್ರಲ್ಲಿ ಎಲ್ಲೈತಮ್ಮಿ ಆ ಹೆಸ್ರು?" ಎಂದಳು. ನಾನು ಅವಳ ಬೆರಳು ಹಿಡಿದು ಅಕ್ಷರದ ಮೇಲಿಟ್ಟೆ. ಸುಮಾರು ಹೊತ್ತು ಬೆರಳು ಅಲ್ಲೇ ಇತ್ತು.

"ಇನ್ನೊಂದ್ಸಲ ಆಡವ್ವ," ಎಂದಳು ಸೊಸೆಗೆ. "ನಮ್ಮವ್ವ ಸತ್ ಮ್ಯಾಕೆ ನನ್ನ ಆ ಹೆಸ್ರಲ್ಲಿ ಯಾರೂ ಕರ್ದಿಲ್ಲ."

ಅವ್ವ ಕರೆದಳು. ಅಜ್ಜಿ "ಓ" ಎಂದಳು. ನಾನೂ "ಓ" ಎಂದೆ.