ನನ್ನ ರಿಪೋರ್ಟಿನ ನಾಲ್ಕನೆಯವಳು

ಹೋದ ವಾರ ಆಫೀಸು ಮುಗಿಸಿ ದಾದರ್‌ನಲ್ಲಿ ಲೋಕಲ್ ಹತ್ತಿ ಕಿಟಕಿ ಪಕ್ಕದ ಸೀಟು ಹಿಡಿದೆ. ಎದುರಿಗೆ ಕೂತಿದ್ದ ಹೆಂಗಸು ಚೀಲ ಬಿಚ್ಚಿ, ಮಡಿಲಲ್ಲಿ ಪೇಪರ್ ಹಾಸಿಕೊಂಡು ಗೋರಿಕಾಯಿ ಮುರಿಯತೊಡಗಿದಳು. ಮುಂಬಯಿಯ ಲೇಡೀಸ್ ಡಬ್ಬಿಯಲ್ಲಿ ಇದೇನೂ ಹೊಸತಲ್ಲ. ಇಳಿಯುವ ಸ್ಟೇಶನ್ ಬರುವುದರೊಳಗೆ ರಾತ್ರಿಯ ಪಲ್ಯ ಅರ್ಧ ಆಗಿರುತ್ತದೆ. ನಾನೂ ಎಷ್ಟೋ ಸಲ ಬಟಾಣಿ ಸುಲಿದಿದ್ದೇನೆ. ಆದರೆ ಹಸಿ ಗೋರಿಕಾಯಿಯ ಆ ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಬಾಗಿಲ ಹತ್ತಿರ ಹೋಗಿ ನಿಂತೆ. ಸಿಕ್ಕ ಸೀಟು ಬಿಟ್ಟು ಏಳುವವಳನ್ನು ಈ ಊರಿನಲ್ಲಿ ಹುಚ್ಚಿಯ ಹಾಗೆ ನೋಡುತ್ತಾರೆ. ನೋಡಲಿ.

ಹದಿನಾಲ್ಕು ವರ್ಷದ ಹಿಂದೆ ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ನಮ್ಮದು ಚಿಕ್ಕ ಕಾಲೇಜು. ಒಂದು ಶಾಲೆಯ ಮೇಲಿನ ಎರಡು ಮಾಳಿಗೆ, ಅಷ್ಟೆ; ಲಿಫ್ಟ್ ಇಲ್ಲ, ಕ್ಯಾಂಟೀನ್ ಎಂದರೆ ಗೇಟಿನ ಹೊರಗಿನ ವಡಾಪಾವ್ ಗಾಡಿ. ಸೋಷಿಯಾಲಜಿ ತೆಗೆದುಕೊಂಡವರು ಹನ್ನೊಂದು ಜನ. ಕಾಮರ್ಸಿನವರು ನಮ್ಮದನ್ನು ‘ಟೈಂಪಾಸ್ ಡಿಪಾರ್ಟ್‌ಮೆಂಟ್’ ಎನ್ನುತ್ತಿದ್ದರು. ಮಗಳು ಏನು ಓದುತ್ತಿದ್ದಾಳೆಂದು ಯಾರಾದರೂ ಕೇಳಿದರೆ ಅಪ್ಪ, ಸಮಾಜಸೇವೆಯ ಹಾಗೆ ಎಂಥದೋ ಒಂದು ಎಂದು ಮುಗಿಸಿಬಿಡುತ್ತಿದ್ದರು. ನನಗೆ ಮಾತ್ರ ಎರಡು ಕೋಡು ಮೂಡಿತ್ತು. ಜನ ದಿನಾ ಕಂಡೂ ಕಾಣದ್ದನ್ನು ನಾನು ಕಾಣುತ್ತೇನೆ ಎಂಬ ಜಂಬ.

ಆ ಜಂಬಕ್ಕೆ ಅರ್ಧ ಕಾರಣ ನಮ್ಮ ಮೇಡಂ. ತಾಸಿನ ಲೆಕ್ಕದಲ್ಲಿ ಪಾಠ ಮಾಡಲು ಬರುತ್ತಿದ್ದವರು. ಕಾಲೇಜಿನವರು ಅವರಿಗೊಂದು ಕುರ್ಚಿಯನ್ನೂ ಸರಿಯಾಗಿ ಕೊಟ್ಟಿರಲಿಲ್ಲ, ಆದರೆ ಕ್ಲಾಸಿನಲ್ಲಿ ನಿಂತರೆ ಹುಲಿ. ಪುಸ್ತಕದಿಂದ ಬರೆದು ತಂದ ಉತ್ತರವನ್ನು ಎರಡು ಬೆರಳಲ್ಲಿ ಹಿಡಿದು ಹಿಂದೆ ಕೊಡುತ್ತಿದ್ದರು. ಫೀಲ್ಡಿಗೆ ಹೋಗಿ, ಜನರ ಹತ್ತಿರ ಕೂತುಕೊಳ್ಳಿ, ಹೆಸರು ಬೇಡ, ವಿವರ ಬೇಕು ಎಂದು ವಾರಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದರು. ಇಲ್ಲದ್ದನ್ನು ಕಟ್ಟಿ ಬರೆದವರಿಗೆ ಅವರ ಹತ್ತಿರ ಕ್ಷಮೆಯೇ ಇರಲಿಲ್ಲ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಒಂದು ಕೆಲಸದ ಜಾಗ ಆರಿಸಿ, ಆರು ಜನರ ಜೊತೆ ಮಾತಾಡಿ, ಅವರ ಬದುಕು ಬರೆಯಬೇಕಿತ್ತು. ನನಗೆ ಹುಡುಕುವ ಕಷ್ಟವೇ ಇರಲಿಲ್ಲ. ಮುಲುಂಡ್ ಸ್ಟೇಶನ್ ಹತ್ತಿರದ ಒಂದು ವೆಜ್ ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿ ಅಪ್ಪ ಇಪ್ಪತ್ತೆರಡು ವರ್ಷದಿಂದ ಕೂರುತ್ತಿದ್ದರು. ಹೋಟೆಲಿನ ಮಾಲೀಕರು ನಮ್ಮೂರ ಕಡೆಯವರೇ. ಅಪ್ಪ ಅವರನ್ನು ಧಣಿ ಎನ್ನುತ್ತಿದ್ದರು, ಹಾಗಾಗಿ ನಮಗೂ ಅವರು ಧಣಿ.

ಮಧ್ಯಾಹ್ನ ಮೂರರಿಂದ ಐದರವರೆಗೆ ಹೋಟೆಲು ಸ್ವಲ್ಪ ಉಸಿರು ಬಿಡುತ್ತದೆ. ಆ ಹೊತ್ತಿಗೆ ನೋಟ್‌ಬುಕ್ ಹಿಡಿದು ಹೋಗುತ್ತಿದ್ದೆ. ದೋಸೆಯವರು, ಕಾಫಿಯವರು, ಇಬ್ಬರು ವೇಟರು, ಪಾತ್ರೆ ತೊಳೆಯುವ ಮುದುಕ, ಇವರೆಲ್ಲ ಕೇಳಿದ್ದಕ್ಕೆ ಉತ್ತರ ಕೊಟ್ಟು ಕಳಿಸಿದರು. ನನ್ನ ಪಟ್ಟಿಯಲ್ಲಿ ನಾಲ್ಕನೆಯವಳು, ಹೋಟೆಲಿನವರೆಲ್ಲ ಅಕ್ಕ ಎಂದು ಕರೆಯುತ್ತಿದ್ದ ಹೆಂಗಸು. ಹೋಟೆಲಿಗೆಲ್ಲ ತರಕಾರಿ ಹೆಚ್ಚುವವಳು ಅವಳೊಬ್ಬಳೇ. ಅಡುಗೆಮನೆಯ ಹಿಂದಿನ ಪ್ಯಾಸೇಜಿನಲ್ಲಿ ಈಳಿಗೆ ಮಣೆ ಹಾಕಿಕೊಂಡು, ಒಂದು ಕಾಲು ಮಡಚಿ ಕೂತಿರುತ್ತಿದ್ದಳು. ವಿಜಯಪುರದ ಕಡೆಯವಳು. ಕಟ್ಟಡ ಕೆಲಸಕ್ಕೆಂದು ಗಂಡನ ಜೊತೆ ಬಂದವಳು, ಗಂಡ ತೀರಿಹೋದ ಮೇಲೆ ಇಲ್ಲಿ ಸೇರಿ ಒಂಬತ್ತು ವರ್ಷ. ಮಗಳು ಕನ್ನಡ ಮೀಡಿಯಂನಲ್ಲಿ ಹತ್ತನೇ ಕ್ಲಾಸು. ಯಾವಾಗಲೋ ಭಾರದ ಓಲೆ ಜಗ್ಗಿ ಅವಳ ಎಡಗಿವಿಯ ಹಾಲೆ ಹರಿದು ಎರಡಾಗಿತ್ತು.

ಮೊದಲ ದಿನವೇ ನನ್ನ ಪ್ರಶ್ನೆಗಳ ಪಟ್ಟಿ ನೋಡಿ ನಕ್ಕಳು. ಸುಮ್ಮನೆ ಕೂತು ಕೇಳುವವರಿಗೆ ತಾನು ಏನೂ ಹೇಳುವುದಿಲ್ಲ, ಕೈ ಹಚ್ಚಿದರೆ ಹೇಳುತ್ತೇನೆ ಎಂದಳು. ಗೋರಿಕಾಯಿಯ ಒಂದು ಗುಡ್ಡೆಯನ್ನೇ ನನ್ನ ಮುಂದೆ ತಳ್ಳಿದಳು. ಅವಳು ಅದನ್ನು ಚವಳಿಕಾಯಿ ಎನ್ನುತ್ತಿದ್ದಳು. ಹತ್ತು ದಿನ ನಾನು ನಾರು ತೆಗೆದೆ, ಅವಳು ಮಾತಾಡಿದಳು. ಬೆರಳೆಲ್ಲ ತುರಿಸಿ ಕೆಂಪಾಗಿದ್ದನ್ನು ಕಂಡು ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಲು ಕಲಿಸಿದಳು. ನನ್ನನ್ನು ತಂಗಿ ಎಂದು ಕರೆಯತೊಡಗಿದ್ದಳು. ನನಗೆ ಒಡಹುಟ್ಟಿದವರಿಲ್ಲ, ಆ ಕರೆ ಎಷ್ಟು ಇಷ್ಟವಾಗುತ್ತಿತ್ತೆಂದು ಈಗಲೂ ಹೇಳಲು ಬರುವುದಿಲ್ಲ...

ಎಂಟನೇ ದಿನ ಇರಬೇಕು, ಇದರಲ್ಲಿ ನನ್ನ ಹೆಸರು ಹಾಕುತ್ತೀಯೇನು ಎಂದು ಕೇಳಿದಳು. ಇಲ್ಲವೇ ಇಲ್ಲ ಎಂದೆ. ನೋಟ್‌ಬುಕ್ ತೆರೆದು, ನೀನು ಬರೀ ನಾಲ್ಕು ಎಂದು ತೋರಿಸಿದೆ. ಅವಳು ಆ ಅಂಕಿಯನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಈಳಿಗೆಯಿಂದ ಕಣ್ಣು ಎತ್ತದೆಯೇ ಹೇಳಿದಳು.

“ನಾವು ಊರ ಹೊರಗಿನ ಕೇರ್ಯಾಗಿನವ್ರು ತಂಗಿ. ಇಲ್ಲಿ ಬ್ಯಾರೇನ ಹೇಳೀನಿ. ಈ ಹಣಿಮ್ಯಾಲಿನ ವಿಭೂತಿ ಲೋಕಲ್‌ನ್ಯಾಗ ಹಚ್ಕೋತೀನಿ, ಇಳಿಯೂಕಿಂತ ಮದಲ.”

ಆ ಹೋಟೆಲಿನಿಂದ ಸತ್ಯನಾರಾಯಣ ಪೂಜೆಗೆ, ಗಣೇಶನ ಹಬ್ಬಕ್ಕೆ ಊಟ ಹೋಗುತ್ತಿತ್ತು. ಅಡುಗೆಮನೆಗೆ ಯಾರನ್ನು ಬಿಡಬೇಕು, ಯಾರನ್ನು ಹೊಸ್ತಿಲ ಹೊರಗೇ ನಿಲ್ಲಿಸಬೇಕು ಎಂಬುದನ್ನು ಧಣಿ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಇಷ್ಟು ದೊಡ್ಡ ಮಾತನ್ನು ಅವಳು ಯಾರ ಹತ್ತಿರವೂ ಆಡಿರಲಿಲ್ಲ, ಮಗಳಿಗೂ ಹೊರಗೆ ಬಾಯಿ ಬಿಡಬೇಡ ಎಂದು ಹೇಳಿಟ್ಟಿದ್ದಳು. ನನ್ನ ಮೈ ಝುಂ ಎಂದಿತು. ಅಯ್ಯೋ ಎಂದಲ್ಲ. ಸಿಕ್ಕಿತು ಎಂದು! ಇದು ಉಳಿದ ಹತ್ತು ಜನರ ಯಾರ ಪ್ರಾಜೆಕ್ಟಿನಲ್ಲೂ ಇರುವುದಿಲ್ಲ ಎಂದು. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಅದೇ ನಿಜ.

ರಿಪೋರ್ಟು ಇಂಗ್ಲಿಷಿನಲ್ಲಿ ನಲವತ್ತು ಪುಟವಾಯಿತು. ಸ್ಪೈರಲ್ ಬೈಂಡಿಂಗ್ ಹಾಕಿಸಿ ಒಂದು ಪ್ರತಿ ಮೇಡಂಗೆ ಕೊಟ್ಟೆ, ಇನ್ನೊಂದನ್ನು ಮನೆಯಲ್ಲಿಟ್ಟೆ. ಎರಡು ದಿನದ ನಂತರ ಬೆಳಿಗ್ಗೆ ಹನ್ನೊಂದಕ್ಕೆ ಮೇಡಂ ಸ್ಟಾಫ್ ರೂಮಿಗೆ ಕರೆದರು. ಹೊಗಳುತ್ತಾರೆಂದು ದುಪಟ್ಟಾ ಸರಿಮಾಡಿಕೊಂಡು ಹೋದೆ. ಅವರು ಹತ್ತೊಂಬತ್ತನೇ ಪುಟ ತೆರೆದಿಟ್ಟುಕೊಂಡಿದ್ದರು. ಈ ಹೋಟೆಲಿನಲ್ಲಿ ತರಕಾರಿ ಹೆಚ್ಚುವವರು ಎಷ್ಟು ಜನ ಎಂದು ಕೇಳಿದರು. ಒಬ್ಬರೇ ಎಂದೆ. ವಿಜಯಪುರದವರು? ಒಬ್ಬರೇ. ಕಿವಿ ಹರಿದವರು? ಆಗ ನನಗೆ ಹೊಳೆಯಿತು. ಹೆಸರು ಬರೆದಿರಲಿಲ್ಲ, ನಿಜ. ಹೆಸರೊಂದನ್ನು ಬಿಟ್ಟು ಎಲ್ಲವನ್ನೂ ಬರೆದಿದ್ದೆ.

ಮೇಡಂ ಬೈಯಲಿಲ್ಲ. ನಾನೂ ವಿವರ ವಿವರ ಎಂದು ಬಾಯಿ ಬಡಿದುಕೊಂಡೆ, ಯಾವ ವಿವರ ಮುಚ್ಚಬೇಕೆಂದು ಹೇಳಲಿಲ್ಲ ಎಂದು ಹಣೆ ಒತ್ತಿಕೊಂಡರು. ಇನ್ನೊಂದು ಪ್ರತಿ ಎಲ್ಲಿ ಎಂದು ಕೇಳಿದರು. ಅಮ್ಮನಿಗೆ ಫೋನ್ ಮಾಡಿದೆ. ಅಪ್ಪ ಬೆಳಿಗ್ಗೆಯೇ ಅದನ್ನು ಹೋಟೆಲಿಗೆ ತೆಗೆದುಕೊಂಡು ಹೋಗಿದ್ದರಂತೆ, ಮಗಳು ನಮ್ಮ ಹೋಟೆಲಿನ ಮೇಲೆ ಪುಸ್ತಕ ಬರೆದಿದ್ದಾಳೆಂದು ಧಣಿಗಳಿಗೆ ತೋರಿಸಲು. ಅಪ್ಪನ ಫೋನ್ ಎತ್ತುವವರಿಲ್ಲ. ಊಟದ ರಶ್ಶಿನಲ್ಲಿ ಅದು ಡ್ರಾಯರಿನೊಳಗೆ ಬಿದ್ದಿರುತ್ತದೆ. ನಾನು ಮೆಟ್ಟಿಲಿಳಿದು ಓಡುವಾಗ ಮೇಡಂ ಹಿಂದೆಯೇ ಬಂದು ಕೈ ಹಿಡಿದು ನಿಲ್ಲಿಸಿದರು.

“ಯಾರಾದ್ರೂ ಕೇಳಿದ್ರೆ ನಾನೇ ಕಟ್ಟಿ ಬರೆದೆ ಅನ್ನು. ನಾಲ್ಕನೆಯವರು ಅಂತ ಯಾರೂ ಇಲ್ಲ ಅನ್ನು. ಮಾರ್ಕ್ಸ್ ಹೋದ್ರೆ ಹೋಗ್ಲಿ, ನಾನು ನೋಡ್ಕೋತೀನಿ.”

ಕಾಲೇಜಿನಿಂದ ಮುಲುಂಡ್‌ಗೆ ಮೂರೇ ಮೂರು ಸ್ಟೇಶನ್. ಭಾಂಡುಪ್ ಬಿಟ್ಟ ಮೇಲೆ ಲೋಕಲ್ ಸಿಗ್ನಲ್ ಸಿಗದೆ ನಿಂತುಬಿಟ್ಟಿತು. ಬಾಗಿಲಲ್ಲಿ ನಿಂತು ಹಳಿಯ ಮೇಲೆ ಇಳಿದು ಓಡಲೇ ಎಂದು ಯೋಚಿಸಿದೆ. ಧಣಿ ದಿನಾ ಹನ್ನೆರಡಕ್ಕೆ ಹೋಟೆಲಿಗೆ ಬರುತ್ತಾರೆ. ಹನ್ನೆರಡಾಗಿ ಹತ್ತು ನಿಮಿಷವಾಗಿತ್ತು.

ನಾನು ಒಳಗೆ ಕಾಲಿಟ್ಟಾಗ ಧಣಿ ಕೌಂಟರಿನ ಪಕ್ಕದ ಅವರ ಮಾಮೂಲಿ ಕುರ್ಚಿಯಲ್ಲಿ ಕೂತಿದ್ದರು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಇಂಗ್ಲಿಷ್ ಕಲಿತು ಮೇಲೆ ಬಂದ ಮನುಷ್ಯ. ಸಾಲಿನ ಕೆಳಗೆ ಬೆರಳಿಟ್ಟು ನಿಧಾನ ಓದುತ್ತಿದ್ದರು. ನಾನು ಮೊದಲು ನೋಡಿದ್ದು ಪುಟದ ಸಂಖ್ಯೆ. ಹದಿನೇಳು. ಕಾಲೇಜಿನಲ್ಲಿ ತಪ್ಪು ತಿದ್ದಲು ಕೇಳಿದ್ದಾರೆ, ಈಗಲೇ ಬೇಕು ಎಂದು ಕೈ ಚಾಚಿದೆ. ಇರು ಮಾರಾಯ್ತಿ, ನಮ್ಮ ಹೋಟೆಲಿನ ಕತೆ ನಾನು ಓದದೆ ಕೊಡುವುದುಂಟಾ ಎಂದು ನಕ್ಕರು. ಅಪ್ಪ ಹೆಮ್ಮೆಯಿಂದ ನನಗೆ ಒಂದು ಕಾಫಿ ಹೇಳಿದರು. ಪುಟ ತಿರುಗಿತು. ಬೆರಳು ಸಾಲು ಸಾಲಾಗಿ ಇಳಿಯಿತು. ಅಡುಗೆಮನೆಯ ಬಾಗಿಲ ಸಂದಿಯಿಂದ ಅಕ್ಕನ ಬೆನ್ನು ಕಾಣುತ್ತಿತ್ತು, ಈಳಿಗೆಯ ಮೇಲೆ ಕೈ ಹೋಗಿ ಬರುತ್ತಿತ್ತು. ಇನ್ನೊಮ್ಮೆ ಪುಟ ತಿರುಗಿತು.

ಬೆರಳು ನಿಂತಿತು. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಇದು ನಮ್ಮ ತರಕಾರಿಯವಳಾ ಎಂದು ಮೆತ್ತಗೆ ಕೇಳಿದರು.

ಅಲ್ಲ ಎಂದೆ. ಇಷ್ಟು ಜನ ಬೇಕೆಂದು ಕಾಲೇಜಿನಲ್ಲಿ ಹೇಳಿದ್ದರು, ಒಬ್ಬರು ಕಡಿಮೆ ಬಿದ್ದರು, ನಾನೇ ಕಟ್ಟಿ ಬರೆದೆ ಎಂದೆ. ಅಷ್ಟಕ್ಕೇ ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಧಣಿ ಅಪ್ಪನ ಕಡೆ ತಿರುಗಿದರು. ಕೌಂಟರಿನ ಮುಂದೆ ಬಿಲ್ ಹಿಡಿದು ನಾಲ್ಕು ಜನ ನಿಂತಿದ್ದರು, ವೇಟರುಗಳಿದ್ದರು.

“ಎಂತ ಮಾರಾಯ, ನಿನ್ನ ಮಗಳು ಸುಳ್ಳು ಬರೆದು ಡಿಗ್ರಿ ತೆಗೊಳ್ಳುದಾ? ಇದನ್ನಾ ನೀನು ಬೆಳಿಗ್ಗೆಯಿಂದ ಊರಿಗೆಲ್ಲ ತೋರಿಸಿದ್ದು?”

ಅಪ್ಪ ಏನು ಮಾಡುವುದೆಂದು ತಿಳಿಯದೆ ಮೇಜಿನ ಮೇಲಿದ್ದ ಸೋಂಪಿನ ಬಟ್ಟಲನ್ನು ಅತ್ತ ಇತ್ತ ಸರಿಸಿದರು. ಆ ಕ್ಷಣ ನನಗೆ ಏನಾಯಿತೋ. ಅಪ್ಪನಿಗಾದ ಅವಮಾನವೋ, ಮೂರು ತಿಂಗಳು ಕಷ್ಟಪಟ್ಟು ಬರೆದದ್ದನ್ನು ಸುಳ್ಳೆಂದರಲ್ಲ ಎಂಬ ಉರಿಯೋ... ಎರಡನೆಯದೇ ಎಂದು ನನಗೆ ಗೊತ್ತು. ಅಪ್ಪನ ಹೆಸರು ಹೇಳಿ ತಪ್ಪಿಸಿಕೊಳ್ಳುವುದು ಬೇಡ.

“ಸುಳ್ಳಲ್ಲ,” ಎಂದೆ. “ಒಂದಕ್ಷರವೂ ಸುಳ್ಳಲ್ಲ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಧಣಿ ರಿಪೋರ್ಟನ್ನು ಮುಚ್ಚಿ ನನ್ನ ಕೈಗೆ ಕೊಟ್ಟು ಅಡುಗೆಮನೆಯ ಕಡೆ ನೋಡಿದರು, ಅಷ್ಟೆ. ಒಳಗೆ ಎಲ್ಲ ಕೇಳಿಸಿತ್ತು. ಅಕ್ಕ ಎದ್ದು ಕೈ ತೊಳೆದಳು. ಹೆಚ್ಚಿದ್ದ ತರಕಾರಿಯನ್ನು ಪಾತ್ರೆಗೆ ತುಂಬಿ ಮುಚ್ಚಿಟ್ಟಳು. ತನ್ನ ಚೀಲ ತೆಗೆದುಕೊಂಡು ಹಿಂದಿನ ಬಾಗಿಲಿನಿಂದ ಹೋದಳು. ಯಾರೂ ಹೋಗು ಎನ್ನಲಿಲ್ಲ. ನಾನು ಅವಳನ್ನು ತೆಗೆದೆನಾ, ಅವಳೇ ಬಿಟ್ಟು ಹೋದದ್ದಲ್ಲವಾ ಎಂದು ಧಣಿ ಆಮೇಲೆ ಅಪ್ಪನ ಹತ್ತಿರ ಹೇಳುತ್ತಿದ್ದರಂತೆ. ಅಪ್ಪನೂ ಅದನ್ನೇ ನನಗೆ ಹೇಳಿ ಸಮಾಧಾನ ಮಾಡುತ್ತಿದ್ದರು. ಪಾತ್ರೆಯಲ್ಲಿದ್ದ ತರಕಾರಿ ಆ ದಿನ ಬೇಯಲಿಲ್ಲ, ಹೊರಗೆ ಚೆಲ್ಲಿದರೆಂದು ಮಾತ್ರ ಎಷ್ಟೋ ದಿನದ ನಂತರ ಹೇಳಿದರು.

ನಾಲ್ಕು ದಿನ ಅನ್ನ ಸೇರಲಿಲ್ಲ. ಐದನೇ ದಿನ ಭಾಂಡುಪ್ ಗುಡ್ಡದ ಮೇಲಿನ ಅವಳ ಚಾಳಿಗೆ ಹೋದೆ. ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಅವಳ ಕೋಣೆ ಯಾವುದೆಂದು ಕೇಳಿದರೆ ಪಕ್ಕದ ಹೆಂಗಸು ಗದ್ದದಿಂದ ತೋರಿಸಿದಳು. ಅಕ್ಕ ಸಾಮಾನು ಕಟ್ಟುತ್ತಿದ್ದಳು. ಗೋರೆಗಾಂವ್ ಕಡೆ ಬಿಲ್ಡಿಂಗ್ ಕೆಲಸ ಸಿಕ್ಕಿದೆ, ಅಲ್ಲೇ ಶೆಡ್ಡು ಕೊಡುತ್ತಾರೆ ಎಂದಳು. ಒಂಬತ್ತು ವರ್ಷ ಕೂತು ಕೆಲಸ ಮಾಡಿದವಳು ಇನ್ನು ತಲೆಯ ಮೇಲೆ ಸಿಮೆಂಟು ಹೊರಬೇಕು. ಮಗಳ ಪರೀಕ್ಷೆಗೆ ಎರಡು ತಿಂಗಳಿತ್ತು. ಹುಡುಗಿ ಗೋಡೆಗೆ ಮುಖ ಮಾಡಿ ಕೂತಿದ್ದಳು, ನನ್ನತ್ತ ತಿರುಗಲೇ ಇಲ್ಲ.

ಕ್ಷಮಿಸು ಎನ್ನಲು ಬಾಯಿ ಬರಲಿಲ್ಲ. ಅವಳೇ ಚೊಂಬಿನಲ್ಲಿ ನೀರು ಕೊಟ್ಟು, ನಾನು ಕುಡಿಯುವವರೆಗೂ ನನ್ನನ್ನೇ ನೋಡುತ್ತಿದ್ದಳು. ಆಮೇಲೆ, ನನ್ನ ಬಗ್ಗೆ ಏನು ಬರೆದಿದ್ದೀ, ಓದಿ ಹೇಳು ಎಂದಳು. ರಿಪೋರ್ಟು ಚೀಲದಲ್ಲೇ ಇತ್ತು. ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿದೆ. ಅವಳು ಸಾಮಾನು ಕಟ್ಟುವುದು ಬಿಟ್ಟು ಕಣ್ಣು ಮುಚ್ಚಿ ಕೇಳಿದಳು. ಊರು, ಗಂಡ ಸತ್ತ ದಿನ, ಮಗಳನ್ನು ನರ್ಸ್ ಮಾಡುವ ಆಸೆ, ಹರಿದ ಕಿವಿ, ಲೋಕಲಿನ ವಿಭೂತಿ. ಮುಗಿದ ಮೇಲೆ ಕಣ್ಣು ತೆರೆದಳು.

“ಎಲ್ಲಾ ಖರೇನ ಬರದಿ,” ಎಂದಳು. “ಒಂದರೆ ಸುಳ್ಳು ಸೇರಸಬೇಕಿತ್ತು ತಂಗಿ.”

ಆ ಪ್ರಾಜೆಕ್ಟಿಗೆ ನನಗೆ ಕ್ಲಾಸಿನಲ್ಲೇ ಹೆಚ್ಚು ಮಾರ್ಕ್ಸ್ ಬಂತು. ಮೇಡಂ ಕೊಟ್ಟದ್ದಲ್ಲ, ಹೊರಗಿನಿಂದ ಬಂದ ಪರೀಕ್ಷಕರು ಕೊಟ್ಟದ್ದು. ವಿವರ ಬಹಳ ಚೆನ್ನಾಗಿದೆ ಎಂದು ಬರೆದಿದ್ದರು. ಮುಂದೆ ಎಂ.ಎ.ಗೆ ಹೋಗಲಿಲ್ಲ. ದಾದರ್‌ನಲ್ಲಿ ಒಂದು ಇನ್ಶುರೆನ್ಸ್ ಆಫೀಸು ಸೇರಿದೆ. ಎರಡು ವರ್ಷ ಗೋರೆಗಾಂವ್‌ನಲ್ಲಿ ಕಟ್ಟಡ ಏಳುವ ಕಡೆಯೆಲ್ಲ ಹುಡುಕಿದೆ. ಆ ಶೆಡ್ಡುಗಳು ಬಿಲ್ಡಿಂಗ್ ಮುಗಿದ ಮರುದಿನ ಇರುವುದಿಲ್ಲ, ಅಲ್ಲಿದ್ದವರು ಎಲ್ಲಿಗೆ ಹೋದರೆಂದು ವಾಚ್‌ಮನ್‌ಗೂ ಗೊತ್ತಿರುವುದಿಲ್ಲ. ಅವಳು ಬದುಕಿದ್ದಾಳೋ ಇಲ್ಲವೋ ನನಗೆ ತಿಳಿಯದು.

ಇದನ್ನು ಬರೆಯುವಾಗ ಅವಳು ಹೇಳಿದಂತೆ ಮಾಡಿದ್ದೇನೆ. ಸುಳ್ಳು ಸೇರಿಸಿದ್ದೇನೆ, ಒಂದಲ್ಲ, ಬೇಕಾದಷ್ಟು. ಸ್ಟೇಶನ್ ಅದಲ್ಲ, ಊರು ಅದಲ್ಲ, ಅವಳ ಗುರುತು ಹಿಡಿಯುವಂಥದ್ದು ಯಾವುದೂ ಅದಲ್ಲ. ಹೋಟೆಲಿನವರು ಓದಿದರೂ ಬೆರಳಿಟ್ಟು ತೋರಿಸಲಾರರು. ಮೇಡಂ ಈಗಿಲ್ಲ, ಇದ್ದಿದ್ದರೆ ಈ ಸಲ ಸರಿಯಾಗಿದೆ ಎನ್ನುತ್ತಿದ್ದರೋ ಏನೋ. ಆದರೆ ಅವಳ ಮಗಳಿಗೆ ಕನ್ನಡ ಓದಲು ಬರುತ್ತದೆ. ಈಗ ಮೂವತ್ತರ ಆಸುಪಾಸಿನಲ್ಲಿರಬೇಕು. ಎಲ್ಲಾದರೂ ಈ ಪುಟ ಅವಳ ಕೈಗೆ ಸಿಕ್ಕರೆ, ಪಾಪ ಯಾರೋ ಎಂದುಕೊಂಡು ಓದಿ ಮುಗಿಸುತ್ತಾಳೆ. ನಾನು ತಪ್ಪಾಯಿತು ಎನ್ನುತ್ತಿರುವುದು ತನ್ನ ಅವ್ವನಿಗೆ ಎಂದು ಅವಳಿಗೆ ಗೊತ್ತಾಗುವುದೇ ಇಲ್ಲ.